ಮೂರು ಹಗೇವಿನ ತೊಗಲು

ಕುರನೂರಿನ ನಮ್ಮ ಮನೆಯ ಹಿತ್ತಲಲ್ಲಿ ಮೂರು ಹಗೇವುಗಳಿದ್ದವು. ಹಗೇವು ನೋಡದವರಿಗಾಗಿ ಹೇಳುತ್ತೇನೆ: ಅದು ನೆಲದೊಳಗೆ ತೋಡಿದ ಗುಂಡಿ, ಬಾಯಿ ಕಿರಿದು, ಹೊಟ್ಟೆ ಅಗಲ. ಸುಗ್ಗಿಯ ಜೋಳವನ್ನೆಲ್ಲ ಅದರೊಳಗೆ ಸುರಿದು, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ಮನೆಯ ಅನ್ನ ಕಾಯುವ ಜಾಗ ಅದು. ಆದರೂ ನಮ್ಮ ಮನೆಯ ಮಕ್ಕಳಿಗೆ ನಡುವಿನ ಹಗೇವಿನ ಹತ್ತಿರ ಆಡಲು ಅಪ್ಪಣೆ ಇರಲಿಲ್ಲ. ಅದರೊಳಗೆ ಕಲ್ಲು ತುಂಬಿ, ಮೇಲೆ ಮಣ್ಣು ಬಡಿದು, ಎಷ್ಟೋ ಮಳೆಗಾಲ ಕಳೆದ ಮೇಲೂ ಇರಲಿಲ್ಲ.

ಆ ಹಗೇವನ್ನು ಅಳೆದು ತೋಡಿಸಿದವನು ನನ್ನ ನಡುವಿನ ಕಾಕಾ ಶಾಂತಲಿಂಗಪ್ಪ. ಊರಲ್ಲಿ ಅವನ ವಿಷಯ ಬಂದರೆ ಕೆಲವರು ತಮ್ಮನ ಜೀವ ತಿಂದವ ಅನ್ನುತ್ತಾರೆ. ಇನ್ನು ಕೆಲವರು ದೇವರಂಥ ಮನುಷ್ಯ ಅನ್ನುತ್ತಾರೆ. ಎರಡೂ ಮಾತಿಗೆ ನನಗೆ ಮೈಯುರಿಯುತ್ತದೆ. ಅವನು ದೇವರೂ ಅಲ್ಲ, ಕೊಲೆಗಾರನೂ ಅಲ್ಲ. ತನ್ನ ಲೆಕ್ಕ ಸರಿ ಎಂದು ಗೊತ್ತಿದ್ದೂ ಅದನ್ನು ಎದೆಯಲ್ಲಿ ಬಚ್ಚಿಟ್ಟುಕೊಂಡ ಮನುಷ್ಯ, ಅಷ್ಟೇ. ನಮ್ಮ ಮನೆತನದವರಿಗೆ ಬಾಯಿ ಬೇಕಾದಾಗ ಬರುವುದಿಲ್ಲ, ಬೇಡವಾದಾಗ ಮುಚ್ಚುವುದಿಲ್ಲ.

ಅಜ್ಜ ಸಿದ್ದರಾಮಪ್ಪನಿಗೆ ಮೂವರು ಗಂಡುಮಕ್ಕಳು. ಹಿರಿಯವನು ನನ್ನ ಅಪ್ಪ ಕಲ್ಲಣ್ಣ, ನಡುವಿನವನು ಶಾಂತಲಿಂಗಪ್ಪ, ಕಿರಿಯವನು ಭೀಮಶಾ. ಸಾವಿರದ ಒಂಬೈನೂರ ಇಪ್ಪತ್ತರ ಆಸುಪಾಸಿನಲ್ಲಿ ಅಜ್ಜ ನಡುವಿನವನನ್ನು ಸೊಲ್ಲಾಪುರಕ್ಕೆ ಕಳಿಸಿದ. ಅಲ್ಲಿ ಅವರ ಸೋದರಮಾವನದು ಕಾಳು ಕೊಂಡು ಮಾರುವ ಅಡತಿ ಅಂಗಡಿ. ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಮಲಗುವುದು, ಹಗಲು ಮರಾಠಿ ಸಾಲೆಗೆ ಹೋಗುವುದು.

ಸಾಲೆಯ ಕಪಾಟಿನಲ್ಲಿ ಕಟ್ಟಿಗೆಯ ಬೊಂಬೆಗಳಿದ್ದವಂತೆ: ಚೌಕದ ಘನ, ಕೊಳವೆಯಂಥ ಉರುಟು, ಮೊನಚಾದ ಶಂಕು, ಗುಂಡನೆಯ ಗೋಲ. ಗಣಿತದ ಮಾಸ್ತರ ಅವುಗಳನ್ನು ಮೇಜಿನ ಮೇಲಿಟ್ಟು, "ಪೃಷ್ಠಫಳ ಕಾಢಾ" ಎಂದು ಗದರುತ್ತಿದ್ದ. ಅಂದರೆ ಇದರ ಮೈಯ ವಿಸ್ತೀರ್ಣ ಎಷ್ಟೆಂದು ಕಂಡುಹಿಡಿಯಿರಿ ಎಂದು. ಉಳಿದ ಹುಡುಗರು ಸೂತ್ರ ಬಾಯಿಪಾಠ ಮಾಡಿದರೆ, ನಮ್ಮ ಕಾಕಾ ಕಾಗದ ಕತ್ತರಿಸಿ ಆ ಬೊಂಬೆಗಳಿಗೆ ಅಂಗಿ ಹೊಲಿಯಲು ಕುಳಿತ. ಘನಕ್ಕೆ ಆರು ಚೌಕ ಸಾಕಾದವು. ಉರುಟಿನ ಸುತ್ತ ಸುತ್ತಿದ ಕಾಗದ ಬಿಚ್ಚಿದರೆ ಉದ್ದನೆಯ ಪಟ್ಟಿಯಾಯಿತು, ಮೇಲೊಂದು ಕೆಳಗೊಂದು ಬಿಲ್ಲೆ. ಶಂಕುವಿನ ಅಂಗಿ ಬಿಚ್ಚಿದರೆ ಬೀಸಣಿಕೆಯ ಆಕಾರ ಬಂತು. ಗೋಲ ಮಾತ್ರ ಯಾವ ಅಂಗಿಯನ್ನೂ ತೊಡಲಿಲ್ಲ, ಎಲ್ಲಿ ನೋಡಿದರೂ ನೆರಿಗೆ. ಕೊನೆಗೆ ಒಂದು ಮೋಸಂಬಿ ತಂದು, ಅದರ ಅಗಲದ ವೃತ್ತಗಳನ್ನು ನೆಲದ ಮೇಲೆ ಬರೆದು, ಸಿಪ್ಪೆ ಸುಲಿದು ಚೂರುಚೂರಾಗಿ ಹೊಂದಿಸಿದ. ಸರಿಯಾಗಿ ನಾಲ್ಕು ವೃತ್ತ ತುಂಬಿತು. ಆ ಸಂತೋಷದಲ್ಲಿ ಹಣ್ಣು ತಿನ್ನುವುದನ್ನೇ ಮರೆತ ಎಂದು ಮಾವನ ಮನೆಯವರು ಬಹಳ ವರ್ಷ ನಗಾಡುತ್ತಿದ್ದರು.

ಅಲ್ಲಿಂದ ಅವನಿಗೆ ಅದೊಂದು ಗೀಳು. ಯಾವ ವಸ್ತು ಕಂಡರೂ ಅದಕ್ಕೆ ಎರಡು ಅಳತೆ ಅನ್ನುತ್ತಿದ್ದ. ಒಳಗೆ ಎಷ್ಟು ಹಿಡಿಯುತ್ತದೆ ಎಂಬುದು ಹೊಟ್ಟೆ, ಹೊರಗೆ ಎಷ್ಟು ಹೊದಿಕೆ ಬೇಕು ಎಂಬುದು ತೊಗಲು. "ಹೊಟ್ಟಿ ಎಲ್ಲಾರೂ ಅಳೀತಾರ. ತೊಗಲಿನ ಖಬರ್ ಯಾರಿಗೂ ಇಲ್ಲ," ಎಂದು ಬೀಗುತ್ತಿದ್ದ. ಊರಿಗೆ ಮರಳಿದ ಮೇಲೆ ಜನ ಅವನಿಗೆ ತೊಗಲಪ್ಪ ಎಂದೇ ಹೆಸರಿಟ್ಟರು. ಅವನಿಗೂ ಅದು ಒಗ್ಗಿಹೋಯಿತು.

ಊರಿನಲ್ಲಿ ಆ ವಿದ್ಯೆಗೆ ಒಂದೇ ಕೆಲಸ ಇತ್ತು, ಅದೇ ಹಗೇವು. ಹಗೇವು ತೋಡಿದರೆ ಮುಗಿಯಲಿಲ್ಲ. ಒಳಗೆ ಬೆಂಕಿ ಹಾಕಿ ತೇವ ಒಣಗಿಸಬೇಕು, ಹೆಂಗಸರು ಇಳಿದು ಸಗಣಿ ಮಣ್ಣಿನಿಂದ ಗೋಡೆ ಸಾರಿಸಬೇಕು. ಆಮೇಲೆ ಬೋರಿ ಹೊಳೆಯ ದಂಡೆಯಲ್ಲಿ ಬೆಳೆಯುವ ಕರಡ ಎಂಬ ಒಣಹುಲ್ಲನ್ನು ಗೋಡೆ, ತಳ, ಮೇಲ್ಭಾಗ ಎಲ್ಲ ಕಡೆ ಗೇಣು ದಪ್ಪ ಹೊದಿಸಬೇಕು. ಆ ಕರಡ ನೀರು ಹೀರುವುದಿಲ್ಲ, ಗೆದ್ದಲಿಗೂ ಸೇರುವುದಿಲ್ಲ. ಕರಡ ತೆಳುವಾದರೆ ಮಳೆಗಾಲದಲ್ಲಿ ನೆಲದ ತೇವ ಜೋಳಕ್ಕೆ ಏರುತ್ತದೆ. ಒದ್ದೆಯಾದ ಜೋಳ ಒಳಗೊಳಗೇ ಕಾಯುತ್ತದೆ, ಗಂಟು ಕಟ್ಟುತ್ತದೆ, ಹಗೇವಿನ ಗಾಳಿಯನ್ನೇ ಕೆಡಿಸುತ್ತದೆ. ಅಂಥ ಗಾಳಿಯಲ್ಲಿ ಇಳಿದವನಿಗೆ ಕೂಗುವುದಕ್ಕೂ ಸಮಯ ಇರುವುದಿಲ್ಲ. ಅದಕ್ಕೇ ನಮ್ಮ ಕಡೆ ಹಗೇವು ತೆರೆದಾಗ ಮೊದಲು ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಸುತ್ತಾರೆ. ಕಂದೀಲು ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಇದು ಹಾಲು ಕುಡಿಯುವ ಮಕ್ಕಳಿಗೂ ಗೊತ್ತಿರುವ ನೇಮ.

ಅಜ್ಜನ ಕಾಲದಲ್ಲಿ ಇಡೀ ಮನೆಗೆ ಒಂದೇ ದೊಡ್ಡ ಹಗೇವು ಇತ್ತು. ಕಾಕಾ ಅದರ ತೊಗಲು ಲೆಕ್ಕ ಹಾಕಿ ನಮ್ಮ ಹುಲ್ಲುಗಾವಲಿನಲ್ಲಿ ಎಷ್ಟು ಕರಡ ಕೊಯ್ಯಬೇಕೆಂದು ಹೇಳುತ್ತಿದ್ದ, ಒಂದು ಹಿಡಿ ಹೆಚ್ಚಾಗುತ್ತಿರಲಿಲ್ಲ, ಕಡಿಮೆಯೂ ಆಗುತ್ತಿರಲಿಲ್ಲ. ಅವನ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಕೂಸಿನ ಸಮೇತ ತೀರಿಕೊಂಡಿದ್ದಳು. ಮತ್ತೆ ಮದುವೆಯ ಮಾತು ತೆಗೆದವರಿಗೆಲ್ಲ, "ನಂದೊಂದು ಹೊಟ್ಟಿ, ಅದನ್ನ ನಾ ನೋಡ್ಕೋತೀನಿ," ಎಂದು ಬಾಯಿ ಮುಚ್ಚಿಸುತ್ತಿದ್ದ.

ಮೂವತ್ತರ ದಶಕದ ನಡುವೆ ಅಜ್ಜ ತೀರಿಕೊಂಡ. ವರ್ಷ ತುಂಬುವುದರೊಳಗೆ ಮನೆ ಮೂರಾಯಿತು. ಜಗಳ ಯಾರು ಶುರು ಮಾಡಿದರು ಎಂದು ನನ್ನನ್ನು ಕೇಳಬೇಡಿ, ಮೂವರೂ ಮಾಡಿದರು. ಹೊಲ ಪಾಲಾಯಿತು, ಎತ್ತು ಪಾಲಾದವು, ಒಲೆ ಮೂರಾದವು. ಸುಗ್ಗಿಯ ಜೋಳ ಕಣದಲ್ಲಿ ರಾಶಿ ಬಿದ್ದಾಗ ಅದನ್ನು ಪಾಲು ಮಾಡುವುದು ಹೇಗೆಂಬ ಮಾತು ಬಂತು. ನಮ್ಮಲ್ಲಿ ಅದಕ್ಕೊಂದು ಪದ್ಧತಿ ಉಂಟು. ಒಂದೇ ಅಳತೆಯ ಹಗೇವು ತೋಡಿ, ಪ್ರತಿಯೊಬ್ಬನ ಹಗೇವನ್ನೂ ಬಾಯಿಮಟ ತುಂಬಿಬಿಡುವುದು. ತುಂಬಿದ್ದೇ ಪಾಲು. ಮೂರು ಹಗೇವು ಅಳೆದುಕೊಡುವ ಕೆಲಸ ಸಹಜವಾಗಿ ತೊಗಲಪ್ಪನಿಗೆ ಬಿತ್ತು. ಅವನು ಕೋಲು ಹಿಡಿದು ಹೇಳಿದ ಹಾಗೆ ಮರೆಪ್ಪ ಎಂಬ ಗುಂಡಿ ತೋಡುವವನು ಮೂರನ್ನೂ ತೋಡಿದ. ಹಳೆಯ ದೊಡ್ಡ ಹಗೇವು ಅಪ್ಪನ ಪಾಲಿನ ಜಾಗದಲ್ಲಿತ್ತು, ಅದನ್ನು ಮುಚ್ಚಿ ಅದರ ಮೇಲೆ ದನದ ಕೊಟ್ಟಿಗೆ ಕಟ್ಟುವುದೆಂದು ಗೊತ್ತಾಯಿತು.

ಕರಡದ ಮಾತು ಬಂದಾಗಲೇ ಕಾಕಾನ ಮುಖ ಸಣ್ಣದಾದದ್ದು. ದೀಪಾವಳಿಯಲ್ಲಿ ಮನೆ ಒಂದಾಗಿದ್ದಾಗ ಕೊಯ್ದ ಕರಡ ಅದು, ಒಂದು ಹಗೇವಿಗೆ ಆಗುವಷ್ಟು.

"ಈ ಕರಡ ಮೂರು ಸಣ್ಣ ಹಗೇವಿಗಿ ಸಾಲೂದಿಲ್ಲ," ಅಂದ.

"ಜೋಳ ಹೋದ ವರ್ಷದಷ್ಟೇ ಅದ ಇಲ್ಲೊ?" ಭೀಮಶಾ ಕಾಕಾ ಕೇಳಿದ.

"ಅಷ್ಟೇ ಅದ."

"ಮತ್ತ? ಜೋಳಾನೂ ಮೂರು ಹಿಸ್ಸಾ, ಕರಡಾನೂ ಮೂರು ಹಿಸ್ಸಾ. ಇದಕ್ಯಾಕ ಸೊಲ್ಲಾಪುರದ ಸಾಲಿ ಬೇಕು?"

ಕಾಕಾ ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿದ. ಹಳೆಯ ಹಗೇವು ಎಂಟು ಮೊಳ ಅಗಲ, ಎಂಟು ಮೊಳ ಆಳ. ಅದರ ಗೋಡೆ, ತಳ, ಮೇಲು ಎಲ್ಲ ಸೇರಿ ಮುನ್ನೂರು ಚದರ ಮೊಳ ತೊಗಲು. ಅದರ ಮೂರರಲ್ಲೊಂದು ಪಾಲು ಜೋಳ ಹಿಡಿಯುವ ಸಣ್ಣ ಹಗೇವಿನ ಅಗಲ, ಆಳ ಎರಡೂ ಐದೂವರೆ ಮೊಳದ ಮೇಲೊಂದು ಚೂರು. ಅದರ ತೊಗಲು ನೂರಲ್ಲ, ನೂರ ನಲವತ್ತೈದು. ಅಂಥವು ಮೂರು ಅಂದರೆ ನಾನೂರ ಮೂವತ್ತು ದಾಟುತ್ತದೆ. "ಹೊಟ್ಟಿ ಒಡದು ಮೂರು ಮಾಡಿದ್ರ ಹೊಟ್ಟಿ ಹೆಚ್ಚಾಗೂದಿಲ್ಲ, ತೊಗಲು ಹೆಚ್ಚಾಗ್ತದ. ಈ ಕರಡದಾಗ ಎರಡು ಹಗೇವು ಹೊದಸಬಹುದು. ಮೂರನೇದು ಬತ್ತಲೆ ಉಳೀತದ. ಮೂರಕ್ಕೂ ಹಂಚಿದ್ರ ಮೂರೂ ಕೊಳೀತಾವ. ಈ ವರ್ಷ ಹಳೇದೊಂದರಾಗೇ ಇಡೂನು, ಮುಂದಿನ ದೀಪಾವಳಿಗಿ ಹೆಚ್ಚಿಗಿ ಕೊಯ್ಯೂನು."

ಬೇರೆಯಾದ ಅಣ್ಣತಮ್ಮಂದಿರ ಜೋಳ ಒಂದೇ ಹಗೇವಿನಲ್ಲೇ? ನನ್ನ ಅಪ್ಪ ನಕ್ಕುಬಿಟ್ಟ. ಆ ನಗು ನೆನೆದರೆ ಈಗಲೂ ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತದೆ. ಬೇರೆಯವರ ಹತ್ತಿರ ಕರಡ ಕೇಳೋಣವೆಂದರೆ ಸುಗ್ಗಿಯ ಹೊತ್ತಿನಲ್ಲಿ ಯಾರ ಮನೆಯಲ್ಲೂ ಹಿಡಿ ಕರಡ ಹೆಚ್ಚಿಗೆ ಇರುವುದಿಲ್ಲ.

ಆ ಮಾತು ಕೇಳಿಸಿಕೊಂಡು ಅರ್ಥ ಮಾಡಿಕೊಂಡವಳು ಒಬ್ಬಳೇ, ಭೀಮಶಾ ಕಾಕಾನ ಹೆಂಡತಿ ಶಾರದಾಬಾಯಿ. ನಾನು ಅವಳನ್ನು ಕಾಕು ಅನ್ನುತ್ತಿದ್ದೆ. ಈ ಕಥೆಯ ಹೆಚ್ಚಿನ ಪಾಲು ಅವಳ ಬಾಯಿಂದಲೇ ಕೇಳಿದ್ದು. ಹಿಂದಿನ ದಿನವಷ್ಟೇ ಅವಳು ಹೂರಣದ ಕಡಬು ಮಾಡಿದ್ದಳು. ಮೂರು ಮನೆಗೂ ಎಣಿಕೆಗೆ ಹೆಚ್ಚು ಬರಲೆಂದು ಯಾವಾಗಿನ ಕಡಬಿಗಿಂತ ಸಣ್ಣದಾಗಿ ಮಾಡಿದಳು. ಯಾವಾಗಿನಷ್ಟೇ ಹೂರಣ, ಯಾವಾಗಿನಷ್ಟೇ ಕಣಕ. ಆದರೆ ಹೂರಣ ಇನ್ನೂ ಬೋಗುಣಿಯಲ್ಲಿ ಇರುವಾಗಲೇ ಮೇಲೆ ಹೊದಿಸುವ ಕಣಕ ಮುಗಿದುಹೋಯಿತು. ಭಾವನ ಮಾತು ಕೇಳಿದ ಕೂಡಲೇ ಅವಳಿಗೆ ಅದು ಹೊಳೆಯಿತು.

"ಭಾವಾರು ಹೇಳೂದು ಖರೇ ಅದ ನೋಡ್ರಿ," ಎಂದು ಗಂಡನಿಗೆ ಕಡಬಿನ ಮಾತು ಹೇಳಿದಳು.

ಭೀಮಶಾ ಕಾಕಾ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಓಹೋ. ನೀನೂ ಅವನ ಕಡೀನ? ಹೆಂಡ್ತಿ ಇಲ್ಲದವನ ಹಿಶೇಬ ನಿನಗ ಭಾಳ ಲಗೂ ತಿಳೀತಲ್ಲ."

ಈ ಮಾತಿನ ಕೊಳಕು ಅವಳಿಗೆ ತಟ್ಟಿತು. ಅಂದಿನಿಂದ ಅವಳು ಹಗೇವಿನ ವಿಷಯಕ್ಕೆ ತುಟಿ ಬಿಚ್ಚಲಿಲ್ಲ. ಭೀಮಶಾ ಕಾಕಾ ಕೆಟ್ಟವನಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆಗೆ ಒಯ್ಯುತ್ತಿದ್ದವನು ಅವನೇ. ಆದರೆ ಮನೆ ಒಡೆಯುವಾಗ ಒಳ್ಳೆಯವರ ಬಾಯಲ್ಲೂ ಎಂಥೆಂಥ ಮಾತು ಬರುತ್ತವೆ.

ಅದಾದ ನಾಲ್ಕಾರು ದಿನಕ್ಕೆ ಕಾಕು ಹಳೆಯ ದನದ ಕೊಟ್ಟಿಗೆಗೆ ಹೋದಳು. ಮೂಲೆಯಲ್ಲಿ ಶಾಂತಲಿಂಗಪ್ಪ ಕಾಕಾ ಕೂತು ಕರಡವನ್ನು ಕಂತೆ ಕಂತೆಯಾಗಿ ಸಿವುಡು ಕಟ್ಟುತ್ತಿದ್ದ. ಪಾಲಿಗೆ ಇಡುವ ಸಿವುಡುಗಳು, ಮೂರು ಗುಂಪು. ಎರಡು ಗುಂಪಿನ ಸಿವುಡುಗಳನ್ನು ಮೊಣಕಾಲಿನಿಂದ ಒತ್ತಿ ಒತ್ತಿ ಬಿಗಿದಿದ್ದ. ಮೂರನೆಯ ಗುಂಪಿನ ಸಿವುಡುಗಳಲ್ಲಿ ಒಳಗೆ ಹಳೆಯ ಜೋಳದ ದಂಟು ತುಂಬಿ, ಹೊರಗೆ ಮಾತ್ರ ತೆಳ್ಳಗೆ ಕರಡ ಸುತ್ತುತ್ತಿದ್ದ. ನೋಡಲು ಎಲ್ಲ ಒಂದೇ ಗಾತ್ರ.

"ಭಾವಾರ, ಇದೇನ್ ಮಾಡಾಕತ್ತೀರಿ?" ಎಂದು ಅವಳು ಸೆರಗು ಎಳೆದುಕೊಂಡು ಕಂಬದ ಮರೆಯಿಂದ ಕೇಳಿದಳು.

ಅವನು ಬೆಚ್ಚಿಬಿದ್ದ. ಆಮೇಲೆ ಮೆಲ್ಲಗೆ ಹೇಳಿದ: "ಶಾರದವ್ವ, ಎರಡು ಹಗೇವಿಗಿ ಬರೋಬರ್ ಆಗ್ತದ. ಕಲ್ಲಣ್ಣಂದು ಮಕ್ಕಳ ಮನಿ. ನಿಂದೂ ನಾಳೆ ಮಕ್ಕಳಾಗೂ ಮನಿ. ನಂದೊಂದು ಹೊಟ್ಟಿ."

"ನಿಮ್ಮ ಜೋಳ ಕೊಳೀತದಲ್ರಿ."

"ಮಿರಗದ ಮಳಿ ಬೀಳೂ ಮೊದಲೇ ತಗದು ಮಾವನ ಅಂಗಡಿಗಿ ಹಾಕಿಬಿಡ್ತೀನಿ. ಒಣ ನೆಲದಾಗ ಅಷ್ಟು ದಿನ ಏನೂ ಆಗೂದಿಲ್ಲ. ಭೀಮಗ ಹೇಳಬ್ಯಾಡ. ಹೇಳಿದ್ರ ಅವ ನನ್ನ ಕರಡ ಮುಟ್ಟೂದಿಲ್ಲ, ಹಟಕ್ಕ ತನ್ನ ಜೋಳ ಕೊಳಸ್ತಾನ. ನನ್ನ ಆಣಿ ಅದ ನಿನಗ."

ಅವಳು ಹೂಂ ಅಂದಳು. ಗಂಡ ಮೊನ್ನೆಯಷ್ಟೇ ಆಡಿದ ಮಾತು ಇನ್ನೂ ಕಿವಿಯಲ್ಲಿತ್ತು. ಭಾವನ ಜೊತೆ ಕೊಟ್ಟಿಗೆಯಲ್ಲಿ ನಿಂತು ಇಷ್ಟು ಮಾತಾಡಿದೆ ಎಂದು ಯಾವ ಬಾಯಿಂದ ಹೇಳುವುದು?

ಪಾಲು ಹಾಕಿದವನು ಕೊನೆಗೆ ಎತ್ತಿಕೊಳ್ಳಬೇಕು, ಕಿರಿಯವನು ಮೊದಲು, ಇದು ನಮ್ಮ ಕಡೆಯ ರೀತಿ. ಪಾಲಿನ ದಿನ ಭೀಮಶಾ ಕಾಕಾ ಮೂರೂ ಗುಂಪಿನಿಂದ ಒಂದೊಂದು ಸಿವುಡು ಕೈಯಲ್ಲಿ ತೂಗಿ ನೋಡಿದ. ಭಾರ ಇದ್ದದ್ದನ್ನು ತೆಗೆದುಕೊಂಡ. ನನ್ನ ಅಪ್ಪನೂ ಕಮ್ಮಿಯವನಲ್ಲ, ಅವನೂ ತೂಗಿಯೇ ತೆಗೆದುಕೊಂಡ. ಹಗುರ ಗುಂಪು ಶಾಂತಲಿಂಗಪ್ಪ ಕಾಕಾನಿಗೆ ಉಳಿಯಿತು. ತಮ್ಮ ತೂಗಿಯೇ ತೂಗುತ್ತಾನೆ ಎಂದು ಅವನಿಗೆ ಮೊದಲೇ ಗೊತ್ತಿತ್ತು.

ಹಗೇವುಗಳು ತುಂಬಿದವು. ಎಡಗಡೆಯದು ಅಪ್ಪನದು, ಬಲಗಡೆಯದು ಭೀಮಶಾ ಕಾಕಾನದು, ನಡುವಿನದು ನಡುವಿನವನದು. ಅಪ್ಪನ ಹಗೇವಿಗೆ ಕರಡ ಸರಿಯಾಗಿ ಸಾಕಾಯಿತು. ಭೀಮಶಾ ಕಾಕಾನದಕ್ಕೂ ತಳದಿಂದ ಬಾಯಿಯವರೆಗೆ ಗೇಣು ದಪ್ಪ ಬಂತು. ಅವನು ಹಗೇವಿನಿಂದ ಮೇಲೆ ಬಂದು ಕೈ ಒರೆಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ: "ಸಾಲೂದಿಲ್ಲ ಅಂದಿದ್ದಲ್ಲ ತೊಗಲಪ್ಪ. ನೋಡ್ರಿ, ನನ್ನ ಹಿಸ್ಸಾ ನನಗ ಸಾಕಾತು. ಕಲ್ಲಣ್ಣಗೂ ಸಾಕಾತು. ಹಿಶೇಬ ಸುಳ್ಳಾತಿಲ್ಲ?"

ಶಾಂತಲಿಂಗಪ್ಪ ಕಾಕಾ ನೆಲ ನೋಡುತ್ತ ನಿಂತ. ಬದುಕಿನಲ್ಲಿ ಒಂದು ಲೆಕ್ಕ ತಪ್ಪಿದವನಲ್ಲ, ಅವತ್ತು ಊರ ಮುಂದೆ ತಪ್ಪಿದವನಾದ. ಕಾಕು ಹೇಳುತ್ತಿದ್ದಳು, ಅವಳಿಗೆ ಆಗ ಎಲ್ಲವನ್ನೂ ಕೂಗಿ ಹೇಳಿಬಿಡಬೇಕು ಅನಿಸಿತಂತೆ. ಆದರೂ ಆಣೆ ಆಣೆಯೇ.

ಭೀಮಶಾ ಕಾಕಾ ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅವನು ಯೋಚನೆ ಮಾಡಲು ಕೂತ. ಲೆಕ್ಕ ಸುಳ್ಳೆಂದರೆ ಆ ಸುಳ್ಳು ಯಾಕೆ ಹೇಳಿದ? ಕರಡದ ಗಲಾಟೆ ಎಬ್ಬಿಸಿ ಎಲ್ಲರ ಕಣ್ಣು ಅತ್ತ ತಿರುಗಿಸಿ, ಏನು ಮುಚ್ಚಿಟ್ಟ? ಮೂರೂ ಹಗೇವು ಅಳೆದವನು ಅವನೇ. ಬಾಯಿ ಮೂರಕ್ಕೂ ಒಂದೇ ಅಗಲ, ಆದರೆ ಹೊಟ್ಟೆ? ನಡುವಿನ ಹಗೇವಿನ ಹೊಟ್ಟೆ ನೆಲದೊಳಗೆ ಇನ್ನೂ ಅಗಲವಾಗಿ ತೋಡಿಸಿದ್ದರೆ, ತುಂಬಿದ್ದೇ ಪಾಲು ಅಂದಾಗ ಹೆಚ್ಚಿನ ಜೋಳ ಅವನ ಹಗೇವಿಗೆ ಹೋಯಿತು. ಒಮ್ಮೆ ಹೊಳೆದ ಮೇಲೆ ಈ ವಿಚಾರ ಅವನ ತಲೆಯಿಂದ ಇಳಿಯಲಿಲ್ಲ.

ಆ ವರ್ಷ ಮಿರಗದವರೆಗೆ, ಅಂದರೆ ಮೃಗಶಿರಾ ನಕ್ಷತ್ರದವರೆಗೆ, ಮಳೆ ಕಾಯಲಿಲ್ಲ. ಅದಕ್ಕೂ ಮೊದಲಿನ ರೋಹಿಣಿ ಮಳೆಯೇ ಹುಚ್ಚು ಹಿಡಿದಂತೆ ಹೊಡೆಯಿತು. ಬೋರಿ ಹೊಳೆ ದಂಡೆ ಮೀರಿತು, ಹಿತ್ತಲಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು. ಶಾಂತಲಿಂಗಪ್ಪ ಕಾಕಾ ಸೊಲ್ಲಾಪುರಕ್ಕೆ ಜೋಳ ಸಾಗಿಸಲು ಗಾಡಿ ಗೊತ್ತು ಮಾಡಿದ್ದ. ಗಾಡಿ ಬರಲೇ ಇಲ್ಲ. ಮಳೆಯಲ್ಲಿ ಹಗೇವಿನ ಬಾಯಿ ತೆರೆಯುವ ಹಾಗೂ ಇಲ್ಲ. ಅವನು ಜಗಲಿಯ ಮೇಲೆ ಕೂತು ನಡುವಿನ ಹಗೇವಿನ ಮೇಲೆ ನೀರು ಹರಿಯುವುದನ್ನೇ ನೋಡುತ್ತಿದ್ದ. ಅಮ್ಮ ಕೊಟ್ಟ ರೊಟ್ಟಿ ತಣ್ಣಗಾಗುತ್ತಿತ್ತು.

ಮಳೆ ಹೊಳವಾದ ಮೇಲೆ ಒಂದು ವಿಚಿತ್ರ ಕಂಡಿತು. ನಮ್ಮ ಮನೆಯ ಬೆಕ್ಕು ಒಲೆಯ ಪಕ್ಕ ಬಿಟ್ಟು ನಡುವಿನ ಹಗೇವಿನ ಮಣ್ಣಿನ ಮೇಲೆ ಮಲಗತೊಡಗಿತು. ನಾನು ಅದನ್ನು ಎತ್ತಿಕೊಳ್ಳಲು ಹೋಗಿ ಮಣ್ಣಿಗೆ ಕೈ ಇಟ್ಟರೆ, ಸುತ್ತ ಎಲ್ಲ ತಣ್ಣಗೆ ಒದ್ದೆಯಾಗಿದ್ದ ನೆಲ ಅಲ್ಲಿ ಮಾತ್ರ ಬೆಚ್ಚಗಿತ್ತು. ಜ್ವರ ಬಂದವರ ಹಣೆ ಮುಟ್ಟಿದ ಹಾಗೆ. ಕಾಕಾ ಅದನ್ನು ಕಂಡವನೇ ಓಡಿ ಬಂದು ನನ್ನ ರಟ್ಟೆ ಹಿಡಿದು ಎಳೆದ, ಬೆಕ್ಕಿಗೆ ಕಲ್ಲು ಬೀರಿದ. ಅವನು ನನ್ನನ್ನು ಗದರಿದ್ದು ಅದೇ ಮೊದಲು. ಅವತ್ತೇ ಜಾಲಿ ಮುಳ್ಳು ಕಡಿದು ತಂದು ಹಗೇವಿನ ಬಾಯ ಮೇಲೆ ರಾಶಿ ಹಾಕಿದ. ಮನೆಯವರಿಗೆಲ್ಲ ಹೇಳಿದ: "ಇದರ ಸನೇಕ ಯಾರೂ ಹೋಗಬ್ಯಾಡ್ರಿ. ನನ್ನ ಜೋಳ ನಾ ತಗೀತೀನಿ, ದಸರಾ ಆದ ಮ್ಯಾಲೆ."

ಒಳಗೆ ಜೋಳ ಕುದಿಯುತ್ತಿದೆ, ಹತ್ತಿರ ಬಂದರೆ ಸಾಯುತ್ತೀರಿ ಎಂದು ಬಾಯಿಬಿಟ್ಟು ಹೇಳಬಹುದಿತ್ತಲ್ಲ! ಹೇಳಿದರೆ ಯಾಕೆ ಕುದಿಯಿತು ಎಂಬ ಪ್ರಶ್ನೆ ಬರುತ್ತಿತ್ತು, ಕರಡದ ಗುಟ್ಟು ಹೊರಬೀಳುತ್ತಿತ್ತು, ಶಾರದಾಬಾಯಿಯ ಹೆಸರು ಅದರ ಜೊತೆ ಬರುತ್ತಿತ್ತು. ಮುಳ್ಳು ಸಾಕು ಎಂದು ಅವನು ತಿಳಿದ. ಭೀಮಶಾ ಕಾಕಾ ಮುಳ್ಳು ನೋಡಿ ಬೇರೆಯೇ ತಿಳಿದ. ನನ್ನ ಅಪ್ಪನ ಹತ್ತಿರ ಬಂದು ಕೂತು, "ನಮ್ಮ ಹಗೇವಿಗಿ ಮುಳ್ಳಿಲ್ಲ, ಅವಂದಕ್ಕ ಯಾಕ?" ಎಂದ. ಅಪ್ಪ ಹುಬ್ಬು ಏರಿಸಿದ. ಅಷ್ಟೇ ಸಾಕಾಯಿತು.

ಶ್ರಾವಣದಲ್ಲಿ ಮಳೆ ಒಂದು ವಾರ ಬಿಡುವು ಕೊಟ್ಟಿತು. ಸೊಲ್ಲಾಪುರದ ಮಾವನಿಗೆ ಮೈಯಲ್ಲಿ ನೆಟ್ಟಗಿಲ್ಲ ಎಂದು ಸುದ್ದಿ ಬಂತು. ಶಾಂತಲಿಂಗಪ್ಪ ಕಾಕಾ ಹೊರಟ. ಹೊರಡುವಾಗ ನಡುಮನೆಯ ಬಾಗಿಲಲ್ಲಿ ನಿಂತು ಯಾರಿಗೂ ಅಲ್ಲವೆಂಬಂತೆ, "ಮುಳ್ಳು ಸರಿಸಬ್ಯಾಡ್ರಿ," ಅಂದ. ಒಳಗೆ ಬೀಸುತ್ತಿದ್ದ ಕಾಕುವಿಗೆ ಅದು ಕೇಳಿಸಿತು, ಬೀಸುವ ಕಲ್ಲು ನಿಂತಿತು.

ಮರುದಿನ ಬೆಳಗ್ಗೆ ಭೀಮಶಾ ಕಾಕಾ ಮರೆಪ್ಪನನ್ನು ಕರೆದುಕೊಂಡು ಬಂದು ಮುಳ್ಳು ಎಳೆಸಿದ. ಅಪ್ಪನೂ ಹೋಗಿ ನಿಂತ. ತಡೆಯಲು ಅಲ್ಲ, ನೋಡಲು. ಕಾಕು ಹಿತ್ತಲ ಬಾಗಿಲಿಗೆ ಬಂದಳು.

"ಬ್ಯಾಡ್ರಿ," ಅಂದಳು. "ಅದರಾಗ ಇಳೀಬ್ಯಾಡ್ರಿ."

"ಯಾಕ?"

ಅವಳು ಬಾಯಿ ತೆರೆದಳು. ಹಿರಿಯ ಭಾವ ಎದುರಿಗೆ ನಿಂತಿದ್ದ, ಮರೆಪ್ಪ ನಿಂತಿದ್ದ, ಆಚೆ ಮನೆಯ ಹೆಂಗಸರು ಗೋಡೆಯ ಮೇಲಿಂದ ಇಣುಕುತ್ತಿದ್ದರು. "ಒಳ್ಳೇದಲ್ಲ," ಅಂದಳು. ಅದಕ್ಕಿಂತ ಹೆಚ್ಚು ಬರಲಿಲ್ಲ.

"ಅವನ ಮಾಲ್ ಕಾಯಾಕ ನಿನ್ನ ಬಿಟ್ಟು ಹೋಗ್ಯಾನೇನು?" ಎಂದು ಅವನು ನಕ್ಕ. ಕಾಕು ಒಳಗೆ ಸರಿದಳು.

ಚಪ್ಪಡಿ ಸರಿಸಿದರು. ಹುಳಿಹುಳಿ ನಾತ ಎದ್ದಿತು. ಊಟದ ಹೊತ್ತಿನವರೆಗೆ ಬಾಯಿ ತೆರೆದಿಟ್ಟರು, ಆಮೇಲೆ ನೇಮದಂತೆ ಕಂದೀಲು ಇಳಿಬಿಟ್ಟರು. ಎಲ್ಲರೂ ಬಗ್ಗಿ ನೋಡಿದರು. ಕಂದೀಲು ಜೋಳದ ಮೇಲೆ ಕೂತು ಚೆನ್ನಾಗಿಯೇ ಉರಿಯಿತು. ಜೋಳ ಮಾತ್ರ ಬಾಯಿಮಟ ಇರಲಿಲ್ಲ, ಆಳೆತ್ತರಕ್ಕೂ ಕೆಳಗೆ ಇಳಿದಿತ್ತು, ಮೇಲೆ ಕಪ್ಪನೆಯ ಹೆಪ್ಪು ಕಟ್ಟಿತ್ತು. ಭೀಮಶಾ ಕಾಕಾ ಅಣ್ಣನ ಅಳತೆ ಕೋಲನ್ನೇ ಹಿಡಿದು ಹಗ್ಗದ ಮೇಲೆ ಇಳಿದ. ಅಗಲ ಅಳೆದ, ಎರಡು ಸಲ ಅಳೆದ. ಅವನ ದನಿ ಮೇಲೆ ಬಂತು: "ಅಣ್ಣ, ಅಗಲ ನಮ್ಮದರಷ್ಟೇ ಅದ." ಆಮೇಲೆ ಗೋಡೆ ತಡವಿ, "ಅಣ್ಣ, ಇಲ್ಲಿ ಕರಡ ಇಲ್ಲೋ. ಗ್ವಾಡಿಗಿ ಬರೇ ಕೊಳತ ದಂಟ ಅದ." ಆ ದನಿಯಲ್ಲಿ ಸಿಟ್ಟಿರಲಿಲ್ಲ, ಗೊಂದಲ ಇತ್ತು. ಆಳವೊಂದು ನೋಡಿಬಿಡೋಣವೆಂದು ಅವನು ಕೋಲನ್ನು ಎರಡೂ ಕೈಯಿಂದ ಜೋಳಕ್ಕೆ ಒತ್ತಿದ.

ಮೇಲೆ ಹೆಪ್ಪು ಕಟ್ಟಿತ್ತು, ಕೆಳಗೆ ಜೋಳ ಕೊಳೆತು ಕುಸಿದು ಪೊಳ್ಳಾಗಿತ್ತು. ಕೆಟ್ಟ ಗಾಳಿಯೆಲ್ಲ ಆ ಪೊಳ್ಳಿನಲ್ಲಿ ಕೂತಿತ್ತು. ಕಂದೀಲು ನೋಡಿದ್ದು ಹೆಪ್ಪಿನ ಮೇಲಿನದನ್ನು ಮಾತ್ರ. ಕೋಲು ಸರ್ರನೆ ಇಳಿಯಿತು, ಕಾಲ ಕೆಳಗಿನ ಹೆಪ್ಪು ಒಡೆಯಿತು, ಕಂದೀಲು ಆರಿತು. ಅಪ್ಪ ಹೆಸರು ಹಿಡಿದು ಕೂಗಿದ. ಉತ್ತರ ಬರಲಿಲ್ಲ. ಮರೆಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದವನು ಅರ್ಧದಲ್ಲೇ ತಲೆ ವಾಲಿಸಿದ, ಅವನನ್ನು ಎಳೆದುಕೊಂಡರು. ಕೊನೆಗೆ ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ತಂದು ಭೀಮಶಾ ಕಾಕಾನನ್ನು ಎತ್ತಿದರು. ಮೈಗೆಲ್ಲ ಕಪ್ಪು ಜೋಳ ಮೆತ್ತಿತ್ತು. ಕೈಯಲ್ಲಿ ಕೋಲು ಇರಲಿಲ್ಲ.

ಅಪ್ಪ ತಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ಹುಚ್ಚನಂತೆ ಒಂದೇ ಮಾತು ಕೇಳುತ್ತಿದ್ದ: "ಕರಡ ಎಲ್ಲಿ ಹೋತು? ಅವನ ಹಿಸ್ಸಾದ ಕರಡ ಎಲ್ಲಿ ಹೋತು?"

ಶಾರದಾ ಕಾಕು ಬಂದು ಗಂಡನ ಕಾಲ ಬಳಿ ಕೂತಿದ್ದಳು. ತಲೆಯ ಸೆರಗು ಜಾರಿತ್ತು, ಎಳೆದುಕೊಳ್ಳಲಿಲ್ಲ. "ಅರ್ಧ ನಿಮ್ಮ ಹಗೇವಿನ್ಯಾಗ ಅದ," ಅಂದಳು, "ಅರ್ಧ ನಮ್ಮ ಹಗೇವಿನ್ಯಾಗ." ಆಗ ಎಲ್ಲವನ್ನೂ ಹೇಳಿದಳು. ಅಷ್ಟು ಜನರ ಎದುರು, ಹೆದರದೆ, ಒಂದೂ ಬಿಡದೆ.

ಶಾಂತಲಿಂಗಪ್ಪ ಕಾಕಾ ಬಂದಾಗ ಮಣ್ಣು ಮಾಡಿ ಮುಗಿದಿತ್ತು. ಅವನು ಅಪ್ಪನನ್ನು ಒಂದೇ ಪ್ರಶ್ನೆ ಕೇಳಿದ: "ಕಂದೀಲು ಬಿಟ್ಟಿದ್ರಿಲ್ಲ?" ಅಪ್ಪ, "ಬಿಟ್ಟಿದ್ವಿ. ಉರೀತು," ಅಂದ. ಮರುದಿನದಿಂದ ಕಾಕಾ ಹೊಳೆಯ ಕಲ್ಲು ಹೊತ್ತು ತಂದು ನಡುವಿನ ಹಗೇವಿಗೆ ತುಂಬತೊಡಗಿದ. ಎಷ್ಟು ಕಲ್ಲು ಹಿಡಿಯುತ್ತದೆ ಎಂದು ಅವನಿಗೆ ಹೊರುವ ಮೊದಲೇ ಗೊತ್ತಿತ್ತು, ಹೊಟ್ಟೆ ಅಳೆದವನು ಅವನೇ ಅಲ್ಲವೇ. ಆಮೇಲೆ ಮುದುಕನಾಗಿ ಸಾಯುವವರೆಗೂ ಅವನು ಯಾರಿಗೂ ಏನನ್ನೂ ಅಳೆದುಕೊಡಲಿಲ್ಲ. ಊರಲ್ಲಿ ತೊಗಲಪ್ಪ ಎಂದು ಕರೆಯುವುದನ್ನೂ ಜನ ಬಿಟ್ಟರು.

ಭೀಮಶಾ ಕಾಕಾನ ಹೆಸರಿನಲ್ಲಿ ಜನಕ್ಕೆ ಊಟ ಹಾಕುವ ದಿನ ಬಂತು. ಮನೆಯಲ್ಲಿದ್ದ ಜೋಳ ಸಾಲದೆ ಅವನದೇ ಹಗೇವು ತೆರೆಯಬೇಕಾಯಿತು. ಎಲ್ಲರೂ ಹೆದರುತ್ತ ಹೆದರುತ್ತ ತೆರೆದರು. ಒಳಗೆ ಕರಡ ಕೊಯ್ದ ದಿನದಂತೆ ಗರಿಗರಿಯಾಗಿತ್ತು. ಜೋಳ ಮುತ್ತಿನ ಹಾಗೆ ಬೆಳ್ಳಗಿತ್ತು, ಒಂದು ಕಾಳೂ ಕೆಟ್ಟಿರಲಿಲ್ಲ.

ಆ ಜೋಳದ ರೊಟ್ಟಿ ಶಾರದಾ ಕಾಕುವೇ ತಟ್ಟಿದಳು. ಬೇಡವೆಂದರೂ ಕೇಳಲಿಲ್ಲ. ಪಂಕ್ತಿಯಲ್ಲಿ ಶಾಂತಲಿಂಗಪ್ಪ ಕಾಕಾ ಕೊನೆಗೆ ಕೂತಿದ್ದ, ತಲೆ ಎತ್ತಿರಲಿಲ್ಲ, ಮುಂದಿಟ್ಟ ರೊಟ್ಟಿ ಮುಟ್ಟಿರಲಿಲ್ಲ. ಅವಳು ರೊಟ್ಟಿಯ ಪುಟ್ಟಿ ಹಿಡಿದುಕೊಂಡು ಅವನ ಎದುರು ನಿಂತಳು. ಅಲ್ಲಿಯವರೆಗೆ ಅವಳು ಯಾವತ್ತೂ ಭಾವನ ಎದುರು ಹಾಗೆ ನಿಂತಿರಲಿಲ್ಲ.

"ಉಣ್ರಿ ಭಾವಾರ," ಅಂದಳು. "ನಿಮ್ಮ ಹಿಶೇಬ ಖರೇ ಇತ್ತು."

ಅವನು ರೊಟ್ಟಿ ಮುರಿದ. ಎಲ್ಲರೂ ನೋಡುತ್ತಿದ್ದಂತೆ, ಕಣ್ಣೀರು ಒರೆಸಿಕೊಳ್ಳದೆ, ಪೂರ್ತಿ ಉಂಡ.